ಪ್ರಶ್ನೆಗಳ ಜಾತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ನಕ್ಷೆಯಲ್ಲಿ ವಿಸ್ಕಾನ್ಸಿನ್ ರಾಜ್ಯವನ್ನು ಹುಡುಕಿ, ಅದರ ನಟ್ಟನಡುವೆ ಬೆರಳಿಟ್ಟರೆ, ಬೆರಳ ತುದಿಗೆ ಸ್ಟೀವನ್ಸ್ ಪಾಯಿಂಟ್ ಎಂಬ ಪಟ್ಟಣ ಸಿಕ್ಕುತ್ತದೆ. ವಿಸ್ಕಾನ್ಸಿನ್ ಎಂಬ ಹೆಸರಿನದೇ ಆದ ನದಿ ಅದರ ಪಕ್ಕದಲ್ಲಿ ಹರಿಯುತ್ತದೆ. ೧೮೩೯ರಲ್ಲಿ ಜಾರ್ಜ್ ಸ್ಟೀವನ್ಸ್ ಎಂಬ ಮರದ ವ್ಯಾಪಾರಿ ಮೇಲ್ದಂಡೆಯಲ್ಲೊಂದು ಗರಗಸದ ಕಾರ್ಖಾನೆ ಹೂಡಲು ಹೊರಟವನು, ನೀರಿಗೆ ಚಾಚಿಕೊಂಡಿದ್ದ ಒಂದು ನೆಲದ ಮೂತಿಯಲ್ಲಿ ತನ್ನ ಸಾಮಾನುಗಳನ್ನು ಇಳಿಸಿ ದಾಸ್ತಾನು ಮಾಡಿದ. ಆ ಮೂತಿಗೆ ಅವನ ಹೆಸರು ಅಂಟಿತು; ಹೆಸರಿನ ಸುತ್ತ ಊರು ಬೆಳೆಯಿತು. ಪೋಲೆಂಡಿನ ರೈತರು ಬಂದು ಮರಳುಮಿಶ್ರಿತ ಆ ನೆಲದಲ್ಲಿ ಬೇಸಾಯ ಹೂಡಿದರು. ಇಂದಿಗೂ ಸುತ್ತಮುತ್ತಲ ಬಯಲಿನಲ್ಲಿ ಆಲೂಗಡ್ಡೆ ಮುಖ್ಯ ಬೆಳೆ. ಪೋಲಿಷ್ ಭಾಷೆಯಲ್ಲಿ ‘ಗ್ವ್ಯಾಜ್ದಾ ಪೊಲಾರ್ನಾ’, ಎಂದರೆ ಧ್ರುವನಕ್ಷತ್ರ, ಎಂಬ ಪತ್ರಿಕೆ ೧೯೦೮ರಲ್ಲಿ ಇಲ್ಲಿಂದಲೇ ಹೊರಟಿತು. ೧೮೫೭ರಷ್ಟು ಹಿಂದಿನ ಒಂದು ಬಿಯರ್ ಕಾರ್ಖಾನೆಯಿದೆ, ವಿಶ್ವವಿದ್ಯಾಲಯವೊಂದಿದೆ, ಒಟ್ಟು ಜನಸಂಖ್ಯೆ ಸುಮಾರು ೨೬,೦೦೦.

ನಯಾಗರದ ಜಲಪಾತವಾಗಲಿ, ನ್ಯೂಯಾರ್ಕಿನ ಗಗನಚುಂಬಿಗಳಾಗಲಿ ಇಲ್ಲಿಲ್ಲ. ಪ್ರವಾಸಿಯಾದವನು ಈ ಊರಿಗೆ ದಾರಿ ತಪ್ಪಿಯೇ ಬರಬೇಕು. ಆದರೆ ವರ್ಷಕ್ಕೊಮ್ಮೆ, ಏಪ್ರಿಲ್ ತಿಂಗಳಿನಲ್ಲಿ, ದಾರಿ ತಪ್ಪದೆಯೇ ಸಹಸ್ರಾರು ಜನ ಇಲ್ಲಿಗೆ ಬಂದು ಸೇರುತ್ತಾರೆ. ಕೆಲಸಕ್ಕಾಗಿ ದೂರದ ರಾಜ್ಯಗಳಿಗೆ ಹೋದ ಮಕ್ಕಳು ಹಬ್ಬಕ್ಕೆ ಬಾರದಿದ್ದರೂ ಆ ಮೂರು ದಿನಗಳಿಗೆ ಬಂದೇ ಬರುತ್ತಾರೆ. ಅವರೆಲ್ಲ ಬರುವುದು ದೇವರ ದರ್ಶನಕ್ಕಲ್ಲ, ಆಟದ ಪಂದ್ಯಕ್ಕೂ ಅಲ್ಲ. ಪ್ರಶ್ನೆಗಳಿಗೆ ಉತ್ತರ ಹೇಳಲು!

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ನಡೆಸುವ ಒಂದು ಬಾನುಲಿ ನಿಲಯ ಇಲ್ಲುಂಟು. ಅದರ ಸಂಜ್ಞಾಕ್ಷರಗಳು ಡಬ್ಲ್ಯು.ಡಬ್ಲ್ಯು.ಎಸ್.ಪಿ. ೧೯೬೮ರಲ್ಲಿ ಹುಟ್ಟಿದ ಈ ನಿಲಯ ೧೯೬೯ರಲ್ಲಿ ಒಂದು ಪ್ರಶ್ನಸ್ಪರ್ಧೆಯನ್ನು ಏರ್ಪಡಿಸಿತು. ಹುಡುಗಾಟವಾಗಿ ತೊಡಗಿದ್ದು ವರ್ಷದಿಂದ ವರ್ಷಕ್ಕೆ ಬೆಳೆದು, ಶುಕ್ರವಾರ ಸಂಜೆ ಆರು ಗಂಟೆಯಿಂದ ಭಾನುವಾರ ನಡುರಾತ್ರಿಯವರೆಗೆ ಒಂದೇ ಸಮನೆ ನಡೆಯುವ ೫೪ ಗಂಟೆಗಳ ಯಜ್ಞವಾಯಿತು. ಗಂಟೆಗೆ ಎಂಟು ಪ್ರಶ್ನೆ. ಪ್ರಶ್ನೆಯನ್ನು ಓದಿದ ಮೇಲೆ ಎರಡು ಹಾಡುಗಳನ್ನು ಹಾಕುತ್ತಾರೆ. ಹಾಡು ಮುಗಿಯುವುದರೊಳಗೆ ಉತ್ತರ ನಿಲಯಕ್ಕೆ ತಲಪಬೇಕು. ಇದನ್ನು ಪ್ರಪಂಚದಲ್ಲೇ ದೊಡ್ಡ ‘ಟ್ರಿವಿಯಾ’ ಸ್ಪರ್ಧೆಯೆಂದು ಊರವರು ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ನಾಲ್ಕುನೂರರಷ್ಟು ತಂಡಗಳು ಸೇರುವ ಸ್ಪರ್ಧೆಗೆ ಆ ಹೆಮ್ಮೆ ಹೆಚ್ಚೆನ್ನುವಂತಿಲ್ಲ.

೨೦೧೦ರ ದಶಕದ ಒಂದು ಏಪ್ರಿಲಿನಲ್ಲಿ ಈ ಯಜ್ಞಕ್ಕೆ ಸಮಿತ್ತು ಹೊರಲು ಮ್ಯಾಡಿಸನ್ ನಗರದಿಂದ ಒಬ್ಬ ತರುಣಿ ಬಂದಳು. ಮ್ಯಾಡಿಸನ್ ರಾಜ್ಯದ ರಾಜಧಾನಿ. ಅಲ್ಲಿಂದ ಉತ್ತರಕ್ಕೆ ಸುಮಾರು ೧೭೫ ಕಿಲೋಮೀಟರ್ ಹೆದ್ದಾರಿಯ ಪಯಣ. ಹಗಲು ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಆಕೆ ಪ್ರತಿ ಮಂಗಳವಾರ ರಾತ್ರಿ ಒಂದು ಪಾನಗೃಹದಲ್ಲಿ ಪ್ರಶ್ನಸ್ಪರ್ಧೆ ನಡೆಸುವ ಪ್ರಶ್ನಕರ್ತೆ. ಪಾನಗೃಹವೆಂದೊಡನೆ ಓದುಗರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ವಿಸ್ಕಾನ್ಸಿನ್ನಿನಲ್ಲಿ ಅದು ಅರ್ಧ ಭೋಜನಶಾಲೆ, ಅರ್ಧ ಹರಟೆಕಟ್ಟೆ. ತಂದೆತಾಯಿಗಳೊಡನೆ ಮಕ್ಕಳೂ ಬಂದು ಕುಳಿತು ಊಟಮಾಡುವುದುಂಟು. ಈ ಬಗೆಯ ಸ್ಪರ್ಧೆ ಮೊದಲು ಬೇರೂರಿದ್ದು ಇಂಗ್ಲೆಂಡಿನಲ್ಲಿ. ೧೯೭೦ರ ದಶಕದಲ್ಲಿ, ಗಿರಾಕಿಗಳಿಲ್ಲದೆ ಬಿಕೋ ಎನ್ನುತ್ತಿದ್ದ ರಾತ್ರಿಗಳಲ್ಲಿ ಜನರನ್ನು ಸೆಳೆಯಲು ಅಲ್ಲಿನ ಪಾನಗೃಹಗಳು ಈ ಉಪಾಯವನ್ನು ಕೈಗೊಂಡವು. ವ್ಯಾಪಾರಕ್ಕೆಂದು ಹುಟ್ಟಿದ್ದು ವಿನೋದವಾಗಿ ಕಡಲು ದಾಟಿತು.

ಆಕೆಯ ಮಂಗಳವಾರಗಳಿಗೆ ಒಂದು ಧರ್ಮವುಂಟು. ಒಳ್ಳೆಯ ಪ್ರಶ್ನೆಯೆಂದರೆ ಅರ್ಧ ಜನಕ್ಕೆ ಉತ್ತರ ತಿಳಿದಿರಬೇಕು, ಮಿಕ್ಕ ಅರ್ಧಕ್ಕೆ ನಾಲಗೆಯ ತುದಿಯಲ್ಲಿ ಕುಳಿತು ಕಾಡುತ್ತಿರಬೇಕು. ಹೇಳಿದೊಡನೆ ಅವರು ಹಣೆ ಚಚ್ಚಿಕೊಂಡು ನಗಬೇಕು. ಯಾರಾದರೂ ಹತ್ತಿರದ ಉತ್ತರ ಬರೆದಿದ್ದರೆ ಆಕೆ ಅರ್ಧ ಅಂಕ ಕೊಡುತ್ತಾಳೆ. ಮೊದಲ ಸಲ ಬಂದ ಸಂಕೋಚದ ತಂಡವಾದರೆ ಪೂರ್ತಿ ಅಂಕವನ್ನೇ ಕೊಟ್ಟುಬಿಡುವುದೂ ಉಂಟು. ಜನ ನಗುನಗುತ್ತ ಮನೆಗೆ ಹೋಗಬೇಕು, ಮುಂದಿನ ಮಂಗಳವಾರ ಮತ್ತೆ ಬರಬೇಕು; ಪ್ರಶ್ನಕರ್ತೆಯ ಕರ್ತವ್ಯ ಅಷ್ಟೆ. ಏಳು ವರ್ಷ ಹೀಗೆ ನಡೆಸಿ ಆ ಕಲೆಯಲ್ಲಿ ನುರಿತವಳೆಂಬ ಒಂದಿಷ್ಟು ಅಭಿಮಾನವೂ ಆಕೆಗೆ ಇತ್ತು. ಸ್ಟೀವನ್ಸ್ ಪಾಯಿಂಟಿನಲ್ಲಿದ್ದ ಆಕೆಯ ಸೋದರತ್ತೆ, ನಿವೃತ್ತ ಉಪಾಧ್ಯಾಯಿನಿ, ಬಹುವರ್ಷಗಳಿಂದ ಈ ಸ್ಪರ್ಧೆಯಲ್ಲಿ ದೂರವಾಣಿಯ ಮುಂದೆ ಕುಳಿತು ಉತ್ತರಗಳನ್ನು ಕೇಳಿಕೊಳ್ಳುವವರು. “ಕೈಗಳು ಸಾಲದು, ಬಾ” ಎಂದು ಅವರು ಹೇಳಿಕಳಿಸಿದ್ದರಿಂದ ಆಕೆ ಹೊರಟದ್ದು.

‘ಟ್ರಿವಿಯಾ’ ಎಂಬ ಪದದ ಬಗ್ಗೆ ಇಲ್ಲಿ ಒಂದು ಮಾತು. ಲ್ಯಾಟಿನ್ ಭಾಷೆಯಲ್ಲಿ ‘ಟ್ರಿವಿಯಂ’ ಎಂದರೆ ಮೂರು ದಾರಿಗಳು ಕೂಡುವ ಸ್ಥಳ. ಮೂರು ದಾರಿ ಕೂಡುವಲ್ಲಿ ಜನ ನಿಲ್ಲುತ್ತಾರೆ, ನಿಂತಲ್ಲಿ ಮಾತು ಹುಟ್ಟುತ್ತದೆ. ಆ ಮಾತು ಬಹುಮಟ್ಟಿಗೆ ಕೆಲಸಕ್ಕೆ ಬಾರದ್ದು. ಹೀಗೆ ಕ್ಷುಲ್ಲಕವೆಂಬ ಅರ್ಥ ಬಂದಿತು. ಕ್ಷುಲ್ಲಕ ಸಂಗತಿಗಳ ನೆನಪನ್ನೇ ಒಂದು ಪಂದ್ಯವಾಗಿಸಿದವರು ೧೯೬೫ರ ಸುಮಾರಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಮರುವರ್ಷವೇ, ೧೯೬೬ರಲ್ಲಿ, ಸ್ಟೀವನ್ಸ್ ಪಾಯಿಂಟಿನಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಆಪಲ್ಟನ್ ಪಟ್ಟಣದಲ್ಲಿ, ಲಾರೆನ್ಸ್ ವಿಶ್ವವಿದ್ಯಾಲಯದ ಹುಡುಗರು ಅದನ್ನು ಬಾನುಲಿಗೆ ತಂದರು. ಚಳಿ ನಾಡಿನಲ್ಲಿ ಹೊರಗೆ ಹೋಗಲಾರದ ದೀರ್ಘ ರಾತ್ರಿಗಳು ಇಂಥ ಆಟಗಳಿಗೆ ಒಳ್ಳೆಯ ತೊಟ್ಟಿಲೇ ಸರಿ.

ಆಕೆ ಬಂದ ಶುಕ್ರವಾರ ಮರಗಳಲ್ಲಿನ್ನೂ ಚಿಗುರಿರಲಿಲ್ಲ. ರಸ್ತೆಯ ಅಂಚಿನಲ್ಲಿ ಮಾಸಿದ ಹಿಮದ ಗುಪ್ಪೆಗಳು ಕರಗುತ್ತಿದ್ದವು. ಮಧ್ಯಾಹ್ನ ಕಳೆದ ಮೇಲೆ ಮೆರವಣಿಗೆ ಹೊರಟಿತು. ಪ್ರತಿ ತಂಡವೂ ತನ್ನ ಹೆಸರಿಗೆ ತಕ್ಕ ವೇಷ ತೊಟ್ಟು, ಟ್ರಕ್ಕುಗಳ ಮೇಲೆ ರಟ್ಟು ಬಣ್ಣಗಳ ವಿಚಿತ್ರ ರಥಗಳನ್ನು ಕಟ್ಟಿ, ದಾರಿಯ ಇಕ್ಕೆಲದ ಮಕ್ಕಳಿಗೆ ಮಿಠಾಯಿ ಎರಚುತ್ತ ಸಾಗಿತು. ಮೆರವಣಿಗೆಯಲ್ಲಿ ನಡೆದವರು ಬರಿಯ ವಿದ್ಯಾರ್ಥಿಗಳಾಗಿರಲಿಲ್ಲ. ಬೋಳುತಲೆಯ ಅಜ್ಜಂದಿರಿದ್ದರು, ತಳ್ಳುಗಾಡಿಯಲ್ಲಿ ನಿದ್ರಿಸುವ ಹಸುಳೆಗಳಿದ್ದವು. ಸರಿಯಾಗಿ ಆರು ಗಂಟೆಗೆ ಬಾನುಲಿಯಲ್ಲಿ ೧೯೬೮ರ ‘ಬಾರ್ನ್ ಟು ಬಿ ವೈಲ್ಡ್’ ಎಂಬ ಅಬ್ಬರದ ಹಾಡು ಮೊಳಗಿತು. ಪ್ರತಿವರ್ಷವೂ ಅದೇ ಹಾಡಿನಿಂದ ಆರಂಭವಾಗುವುದು ಸಂಪ್ರದಾಯ. ಊರಿನ ತೆರೆದ ಕಿಟಕಿಗಳಿಂದಲೂ, ನಿಲ್ಲಿಸಿದ್ದ ಮೋಟಾರುಗಳಿಂದಲೂ ಒಂದೇ ಹಾಡು ಏಕಕಾಲಕ್ಕೆ ಹೊಮ್ಮಿತು. ಮುಖ್ಯರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದುಹೋದವನಿಗೆ ಹಾಡಿನ ಒಂದು ಪಂಕ್ತಿಯೂ ತಪ್ಪುವಂತಿರಲಿಲ್ಲ.

ದೂರವಾಣಿಗಳನ್ನಿಟ್ಟಿದ್ದ ಕೋಣೆ ಉದ್ದನೆಯದು. ಮೇಜುಗಳ ಸಾಲು, ಅವುಗಳ ಮೇಲೆ ದೂರವಾಣಿಗಳು, ಎದುರಿಗೊಂದು ಹಲಗೆ. ಪ್ರಶ್ನೆ ಪ್ರಸಾರವಾದೊಡನೆ ಅದರ ಉತ್ತರವನ್ನು ಹಲಗೆಯ ಮೇಲೆ ಬರೆಯುವರು. ಮರುಕ್ಷಣದಲ್ಲಿ ಎಲ್ಲ ಗಂಟೆಗಳೂ ಒಟ್ಟಿಗೆ ಬಾರಿಸತೊಡಗುವುವು. ಕರೆದವರ ತಂಡ ಯಾವುದೆಂದು ಕೇಳುವುದು, ಉತ್ತರವನ್ನು ಕೇಳುವುದು, ಹಲಗೆಯಲ್ಲಿದ್ದುದಕ್ಕೆ ಹೊಂದಿದರೆ ಗುರುತು ಹಾಕುವುದು, ಕೆಳಗಿಡುವುದು, ಮತ್ತೆ ಎತ್ತುವುದು: ಸಹಾಯಕರ ಕೆಲಸ ಇಷ್ಟೇ. ಹಾಸ್ಯಕ್ಕೆ ಅವಕಾಶವಿಲ್ಲ, ಸುಳಿವಿಗೆ ಅವಕಾಶವಿಲ್ಲ, ಕುಶಲಪ್ರಶ್ನೆಗೂ ಹೊತ್ತಿಲ್ಲ. ಧ್ವನಿವರ್ಧಕ ಹಿಡಿದು ಸಭೆಯನ್ನು ಆಡಿಸುತ್ತಿದ್ದವಳಿಗೆ ಮೊದಲ ಗಂಟೆಯಲ್ಲಿ ಕೈ ಕಟ್ಟಿ ಕೂರಿಸಿದಂತಾಯಿತು. ಅಡುಗೆಯಲ್ಲಿ ಪಳಗಿದವಳನ್ನು ಮದುವೆಮನೆಯಲ್ಲಿ ಎಲೆ ಎಣಿಸಲು ನಿಲ್ಲಿಸಿದರೆ ಹೇಗೋ ಹಾಗೆ.

ಅದಕ್ಕಿಂತ ಹೆಚ್ಚಾಗಿ ಆಕೆಯನ್ನು ಬೆರಗುಗೊಳಿಸಿದ್ದು ಪ್ರಶ್ನೆಗಳ ಸ್ವರೂಪ. ಆಕೆಯ ಧರ್ಮದ ಪ್ರಕಾರ ಅವು ಒಂದೂ ಒಳ್ಳೆಯ ಪ್ರಶ್ನೆಗಳಾಗಿರಲಿಲ್ಲ. ದೇಶದ ರಾಜಧಾನಿ, ಯುದ್ಧದ ವರ್ಷ, ಗ್ರಂಥದ ಕರ್ತೃ, ಇವನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಇಂಥದೊಂದನ್ನು ಊಹಿಸಿಕೊಳ್ಳಬಹುದು: ಯಾವುದೋ ಹಳೆಯ ಚಲಚ್ಚಿತ್ರದಲ್ಲಿ ನಾಯಕ ರಸ್ತೆ ದಾಟುವಾಗ ಅವನ ಬೆನ್ನ ಹಿಂದೆ ಎರಡು ಕ್ಷಣ ಕಾಣುವ ಅಂಗಡಿಯ ಫಲಕದಲ್ಲಿ ಬರೆದಿದ್ದ ಹೆಸರೇನು? ಅಥವಾ, ಅಂಗಡಿಯಲ್ಲಿ ಮಾರುವ ಉಪಾಹಾರದ ಡಬ್ಬಿಯ ಮೇಲಿನ ಗೊಂಬೆ ಯಾವ ಕೈಯಲ್ಲಿ ಚಮಚೆ ಹಿಡಿದಿದೆ? ಇಲ್ಲಿ ಪುಸ್ತಕ ನೋಡಬಹುದು, ಅಂತರ್ಜಾಲವನ್ನು ಜಾಲಾಡಬಹುದು, ಯಾವುದಕ್ಕೂ ನಿಷೇಧವಿಲ್ಲ. ನಿಷೇಧದ ಅಗತ್ಯವೇ ಇಲ್ಲ, ಏಕೆಂದರೆ ಯಾರೂ ಎಲ್ಲಿಯೂ ಬರೆದಿಡದ ಸಂಗತಿಯನ್ನು ಯಾವ ಯಂತ್ರವೂ ಹುಡುಕಿಕೊಡಲಾರದು. ಜಿಮ್ ಒಲಿವಾ ಎಂಬವರು, ಊರಿನ ಬಾಯಲ್ಲಿ ‘ಆಜ್’, ದಶಕಗಳ ಕಾಲ ಈ ಪ್ರಶ್ನೆಗಳನ್ನು ಹೆಣೆದರು. ಜಗತ್ತಿನ ಜ್ಞಾನವೆಲ್ಲ ಅಂಗೈಗೆ ಬಂದ ಮೇಲೂ ಸ್ಪರ್ಧೆ ಸಾಯದೆ ಉಳಿದದ್ದಕ್ಕೆ ಈ ಹಟಮಾರಿ ಕಸುಬೇ ಮುಖ್ಯ ಕಾರಣವೆನ್ನಬೇಕು.

ಬೆಂಗಳೂರಿನ ಓದುಗರಿಗೆ ಪ್ರಶ್ನಸ್ಪರ್ಧೆ ಹೊಸದೇನಲ್ಲ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ ೧೯೮೩ರಲ್ಲೇ ಅಲ್ಲಿ ಹುಟ್ಟಿತು. ಆದರೆ ಅಲ್ಲಿಯ ರಸಿಕರು ಮೆಚ್ಚುವುದು ಸುಳಿವು ಹಿಡಿದು, ತರ್ಕದಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ ಉತ್ತರ ಮುಟ್ಟುವ ಪ್ರಶ್ನೆಗಳನ್ನು. ಸ್ಟೀವನ್ಸ್ ಪಾಯಿಂಟಿನಲ್ಲಿ ತರ್ಕಕ್ಕೆ ಎಡೆಯಿಲ್ಲ. ಕಂಡಿದ್ದರೆ ಉಂಟು, ಕಾಣದಿದ್ದರೆ ಇಲ್ಲ.

ಶನಿವಾರ ಮಧ್ಯಾಹ್ನ ಪಾಳಿ ಮುಗಿದ ಮೇಲೆ ಸೋದರತ್ತೆ ಆಕೆಯನ್ನು ಪರಿಚಿತರೊಬ್ಬರ ಮನೆಗೆ ಕರೆದೊಯ್ದರು. ತಂಡಗಳು ಬಹುಪಾಲು ಕೂರುವುದು ಮನೆಗಳ ನೆಲಮಾಳಿಗೆಗಳಲ್ಲಿ. ಮೆಟ್ಟಿಲಿಳಿದರೆ ಬೆಚ್ಚನೆಯ ಗಾಳಿ, ಕಾಫಿಯ ಮತ್ತು ಬೇಯುತ್ತಿದ್ದ ಮಾಂಸದ ಸಾರಿನ ವಾಸನೆ, ಇಪ್ಪತ್ತಕ್ಕೂ ಮಿಕ್ಕ ಜನ. ಮೂಲೆಯ ಸೋಫಾದ ಮೇಲೆ ಇಬ್ಬರು ಬೂಟು ಸಹಿತ ನಿದ್ರೆ ಹೋಗಿದ್ದರು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ದಪ್ಪ ದಪ್ಪ ಕಡತಗಳು. ಅವುಗಳಲ್ಲಿ ಇದ್ದದ್ದೇನು? ಮನೆಯವರು ವರ್ಷವಿಡೀ ಕಂಡ ಪ್ರತಿಯೊಂದು ಚಿತ್ರದ, ಪ್ರತಿಯೊಂದು ಜಾಹೀರಾತಿನ ಟಿಪ್ಪಣಿ. ಯಾವ ಪಾತ್ರ ಯಾವ ಸಂಖ್ಯೆಯ ಮನೆಯಲ್ಲಿತ್ತು, ಗೋಡೆಯ ಗಡಿಯಾರ ಎಷ್ಟು ತೋರಿಸುತ್ತಿತ್ತು, ಲಾರಿಯ ಮೇಲೆ ಏನು ಬರೆದಿತ್ತು. ಹಳೆಯ ಕಡತಗಳಲ್ಲಿ ಒಂದು ಬಾಗಿದ, ನೀಟಾದ ಕೈಬರಹ. ಅದು ತೀರಿಹೋದ ಅಜ್ಜಿಯದೆಂದು ಮನೆಯಾತ ಹೇಳಿದ. ಆಕೆ ಸಂಜೆ ಹೊತ್ತು ಬಟ್ಟೆ ಹೆಣೆಯುತ್ತ ಚಿತ್ರ ನೋಡುವಳು. ಏನಾದರೂ ಕಂಡರೆ ಹೆಣಿಗೆ ನಿಲ್ಲಿಸಿ ಬರೆಯುವಳು. ಹಿಂದಿನ ವರ್ಷ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಕೆಯ ಬರಹದಲ್ಲೇ ಎಂದು ಹೇಳುವಾಗ ಆತ ಕಡತದ ಪುಟವನ್ನು ಬೆರಳಿನಿಂದ ಸವರಿದ.

ಇದೆಲ್ಲದರ ಪ್ರಯೋಜನವೇನೆಂದು ಕೇಳಬಹುದು. ಹಣದ ಬಹುಮಾನವಿಲ್ಲ. ಮೊದಲ ಹತ್ತು ತಂಡಗಳಿಗೆ ಒಂದೊಂದು ಪಾರಿತೋಷಕ. ಉಳಿದ ಸುಮಾರು ೩೯೦ ತಂಡಗಳಿಗೆ ನಿದ್ರೆಗೇಡು. ಹಾಗೆಂದು ನಗುವವರು ನಗಲಿ. ಅಷ್ಟು ಗಮನವಿಟ್ಟು ಏನನ್ನಾದರೂ ನೋಡಿದವರ ಸಂಖ್ಯೆ, ಅದು ಡಬ್ಬಿಯ ಮೇಲಿನ ಗೊಂಬೆಯೇ ಆಗಲಿ, ಪ್ರಪಂಚದಲ್ಲಿ ದೊಡ್ಡದಿರಲಾರದು. ಮಂಗಳವಾರದ ಪ್ರಶ್ನಕರ್ತೆ ಆ ನೆಲಮಾಳಿಗೆಯಲ್ಲಿ ಬಹಳ ಹೊತ್ತು ಮಾತನಾಡದೆ ಕುಳಿತಿದ್ದಳು.

ಅಂಕಗಳನ್ನು ಕೊಡುವ ಕ್ರಮವನ್ನು ಓದುಗರು ತಿಳಿಯದೆ ಮುಂದಿನದು ಅರ್ಥವಾಗದು. ಪ್ರತಿ ಪ್ರಶ್ನೆಗೂ ಇಟ್ಟಿರುವುದು ೨,೦೦೦ ಅಂಕಗಳ ಒಂದು ಗಂಟು. ಸರಿಯುತ್ತರ ಹೇಳಿದ ತಂಡಗಳಿಗೆ ಅದನ್ನು ಸಮವಾಗಿ ಹಂಚುತ್ತಾರೆ. ಒಂದು ತಂಡಕ್ಕೆ ಹೆಚ್ಚೆಂದರೆ ೫೦೦, ಕಡಮೆಯೆಂದರೆ ೫. ಎಲ್ಲರಿಗೂ ತಿಳಿದ ಉತ್ತರಕ್ಕೆ ಪುಡಿಗಾಸು, ನಾಲ್ವರಿಗೆ ಮಾತ್ರ ತಿಳಿದುದಕ್ಕೆ ಬಂಗಾರ. ಆ ನಾಲ್ವರ ಜೊತೆ ಐದನೆಯವರೊಬ್ಬರು ಸೇರಿದರೆ ಪ್ರತಿಯೊಬ್ಬರ ೫೦೦ ಒಡನೆಯೇ ೪೦೦ಕ್ಕೆ ಇಳಿಯುತ್ತದೆ. ಎಂದರೆ ಇಲ್ಲಿ ಒಬ್ಬರಿಗೆ ಕೊಟ್ಟ ಅಂಕ ಇನ್ನೊಬ್ಬರಿಂದ ತೆಗೆದ ಅಂಕ.

ಭಾನುವಾರ ಬೆಳಗಿನ ಜಾವ ಮೂರು ಗಂಟೆ ಕಳೆದಿತ್ತು. ಕೋಣೆಯಲ್ಲಿ ಸಹಾಯಕರು ಅರ್ಧಕ್ಕರ್ಧ ಕಡಮೆಯಾಗಿದ್ದರು. ಹಾಡು ನಡೆಯುತ್ತಿತ್ತು, ದೂರವಾಣಿಗಳು ಮಾತ್ರ ಸುಮ್ಮನಿದ್ದವು. ಅಂಥ ಮೌನದ ಅರ್ಥ ಆಕೆಗೆ ಆ ವೇಳೆಗೆ ತಿಳಿದಿತ್ತು: ಊರಿಗೇ ಉತ್ತರ ಗೊತ್ತಿಲ್ಲ. ಹಲಗೆಯ ಮೇಲೆ ಎರಡು ಪದಗಳ ಒಂದು ಹೆಸರು ಬರೆದಿತ್ತು. ಒಂದೆರಡು ಮೇಜುಗಳಲ್ಲಿ ಅಲ್ಲೊಂದು ಇಲ್ಲೊಂದು ಗುರುತು ಬಿದ್ದಿರಬಹುದು. ಆಗ ಆಕೆಯ ಎದುರಿನ ಗಂಟೆ ಬಾರಿಸಿತು. ಕರೆದದ್ದು ಒಂದು ಬಾಲಕಿ. ಹತ್ತು ಹನ್ನೊಂದು ವರ್ಷವಿರಬೇಕು. ನಿದ್ದೆಗಣ್ಣಿನ ದನಿ, ಆದರೂ ಕಲಿತ ಪಾಠದಂತೆ ಸ್ಪಷ್ಟವಾಗಿ ತಂಡದ ಹೆಸರು ಹೇಳಿದಳು; ಆಮೇಲೆ ಉತ್ತರ. ಮೊದಲ ಪದ ಸರಿಯಾಗಿತ್ತು. ಎರಡನೆಯದು ಅಲ್ಲ. ಅರ್ಥ ಹತ್ತಿರದ್ದು, ಪದ ಬೇರೆ. ಆ ಮಗು ಆ ಫಲಕವನ್ನು ಎಂದೋ ಕಣ್ಣಾರೆ ಕಂಡಿದೆ, ನೆನಪಿನಲ್ಲಿ ಇಟ್ಟುಕೊಂಡಿದೆ, ಕೊನೆಯ ಹೆಜ್ಜೆಯಲ್ಲಿ ಜಾರಿದೆ ಎಂಬುದರಲ್ಲಿ ಸಂದೇಹವಿರಲಿಲ್ಲ. ದನಿಯ ಹಿಂದೆ ಇಡೀ ಒಂದು ಮನೆ ಉಸಿರು ಬಿಗಿಹಿಡಿದು ನಿಂತದ್ದು ದೂರವಾಣಿಯಲ್ಲಿ ಕೇಳುತ್ತಿತ್ತು.

ಮಂಗಳವಾರವಾಗಿದ್ದರೆ ಆಕೆ ಎರಡು ಸಲ ಯೋಚಿಸುತ್ತಿರಲಿಲ್ಲ. ಪೂರ್ತಿ ಅಂಕ ಕೊಟ್ಟು, ಸಭೆಯಿಂದ ಚಪ್ಪಾಳೆಯನ್ನೂ ಕೊಡಿಸುತ್ತಿದ್ದಳು. ಇಲ್ಲಿ ಪೆನ್ಸಿಲು ಕಾಗದದ ಮೇಲೆ ನಿಂತೇ ಇತ್ತು. ಗುರುತು ಹಾಕಿದರೆ ಕೇಳುವವರಾರು? ಆದರೆ ಇನ್ನಾವುದೋ ನೆಲಮಾಳಿಗೆಯಲ್ಲಿ, ಇನ್ನಾವುದೋ ಅಜ್ಜಿ ಹೆಣಿಗೆ ನಿಲ್ಲಿಸಿ ಆ ಎರಡನೆಯ ಪದವನ್ನೂ ತಪ್ಪಿಲ್ಲದೆ ಬರೆದಿಟ್ಟಿದ್ದಳಲ್ಲ! ಆಕೆಯ ನೂರು ಅಂಕವನ್ನು ಕಿತ್ತು ಈ ಮಗುವಿನ ಉಡಿಗೆ ಹಾಕುವ ಅಧಿಕಾರ ಯಾರದು?

“ಬರೆದುಕೊಂಡೆ, ಮಗು” ಎಂದಳು. ಗುರುತು ಹಾಕಲಿಲ್ಲ. ಹುಡುಗಿ ವಿನಯದಿಂದ ಧನ್ಯವಾದ ಹೇಳಿ ಕೆಳಗಿಟ್ಟಿತು. ಹಾಡು ಮುಗಿಯಿತು, ಬಾನುಲಿಯಲ್ಲಿ ಸರಿಯುತ್ತರವನ್ನು ಓದಿದರು. ಆ ಮನೆಯಲ್ಲಿ ಆ ಕ್ಷಣ ಏನಾಯಿತೋ ಆಕೆಗೆ ತಿಳಿಯುವಂತಿರಲಿಲ್ಲ. ಪಕ್ಕದಲ್ಲಿದ್ದ ಸೋದರತ್ತೆಗೆ ವಿಷಯ ಹೇಳಿ, “ನಾನು ಮಾಡಿದ್ದು ಸರಿಯೆ?” ಎಂದು ಕೇಳಿದಳು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಆ ಮುದುಕಿ ಕನ್ನಡಕ ಒರೆಸಿಕೊಂಡು, “ಎತ್ತು, ಗಂಟೆ ಬಾರಿಸುತ್ತಿದೆ” ಎಂದಷ್ಟೇ ಹೇಳಿದರು.

ಭಾನುವಾರ ಹಗಲು ಎಲ್ಲರ ಮುಖಗಳೂ ಬೂದಿಬಣ್ಣಕ್ಕೆ ತಿರುಗಿದ್ದವು. ಸುಳಿವು ಹಿಡಿದು ಊರ ಮೂಲೆಗಳಿಗೆ ಓಡಿ ಉತ್ತರ ತರಬೇಕಾದ ಪ್ರಶ್ನೆಗಳೂ ಈ ಸ್ಪರ್ಧೆಯಲ್ಲುಂಟು. ಕಂಬಳಿ ಹೊದ್ದ ಯುವಕರು ನಿರ್ಜನ ಬೀದಿಗಳಲ್ಲಿ ಶಿಲಾಫಲಕಗಳನ್ನು ದೀಪ ಹಿಡಿದು ಓದುವುದನ್ನು ಕಂಡ ಪರಸ್ಥಳದವನು ಪೊಲೀಸರನ್ನು ಕರೆದರೂ ಆಶ್ಚರ್ಯವಿಲ್ಲ. ಸಂಜೆಯ ಹೊತ್ತಿಗೆ ಮತ್ತೆ ಚೈತನ್ಯ ಬಂದಿತು. ಕೊನೆಯ ಗಂಟೆಗಳಲ್ಲಿ ದೂರವಾಣಿಗಳಿಗೆ ಬಿಡುವೇ ಇರಲಿಲ್ಲ. ಬಾಲಕಿಯ ತಂಡದ ಕರೆ ಆಕೆಯ ಮೇಜಿಗೆ ಮತ್ತೆ ಬರಲಿಲ್ಲ; ಬೇರೆ ಮೇಜುಗಳಿಗೆ ಬಂದಿರಬಹುದು.

ನಡುರಾತ್ರಿಗೆ ಕೊನೆಯ ಪ್ರಶ್ನೆಯೂ ಮುಗಿಯಿತು. ೫೪ ಗಂಟೆಗಳಲ್ಲಿ ನಾಲ್ಕುನೂರಕ್ಕೂ ಮಿಕ್ಕ ಪ್ರಶ್ನೆಗಳು. ಗೆದ್ದವರ ಹೆಸರು ಹೊರಬಿದ್ದಾಗ ಊರಿನ ಯಾವುದೋ ಮೂಲೆಯಲ್ಲಿ ಮೋಟಾರುಗಳ ಕಹಳೆ ಕೇಳಿಸಿತು. ಕೋಣೆಯಲ್ಲಿ ದೂರವಾಣಿಗಳ ತಂತಿಗಳನ್ನು ಬಿಚ್ಚಿ ಸುತ್ತತೊಡಗಿದರು. ಹಲಗೆಯನ್ನು ಒಬ್ಬ ವಿದ್ಯಾರ್ಥಿ ಒದ್ದೆಬಟ್ಟೆಯಿಂದ ಒರೆಸಿದ. ಅವನಿಗೆ ಬೆಳಗ್ಗೆ ಎಂಟು ಗಂಟೆಗೆ ರಸಾಯನಶಾಸ್ತ್ರದ ತರಗತಿಯಿತ್ತು. ಸೋದರತ್ತೆ ತಮ್ಮ ಥರ್ಮಾಸು ಹುಡುಕುತ್ತಿದ್ದರು. ಮ್ಯಾಡಿಸನ್ನಿನ ಪ್ರಶ್ನಕರ್ತೆ ಬಾಗಿಲ ಬಳಿ ತೂಗುಹಾಕಿದ್ದ ಪಟ್ಟಿಯಲ್ಲಿ ಮುಂದಿನ ವರ್ಷದ ಸಹಾಯಕರ ಸಾಲಿಗೆ ತನ್ನ ಹೆಸರು ಬರೆದು, ಭಾನುವಾರ ಬೆಳಗಿನ ಜಾವದ ಪಾಳಿಯ ಎದುರಿಗೆ ಗುರುತು ಹಾಕಿದಳು.